ಮಂತ್ರ ಹಾಕಿದ್ರೆ ಕೋಶರ್ ಆಗಲ್ಲ

ನ್ಯೂಯಾರ್ಕಿನ ಒಂದು ಕೋಶರ್ ಕೇಟರಿಂಗ್ ಅಡುಗೆಮನೆಯಲ್ಲಿ ನಾನು ಶೆಫ್. ಕೋಶರ್ ಅಂದರೆ ಯಹೂದಿ ಧರ್ಮದ ಆಹಾರ ನಿಯಮಗಳಿಗೆ ಒಪ್ಪುವ ಊಟ. ಯಹೂದಿಗಳ ಮದುವೆ, ಮುಂಜಿಯಂಥ ಸಮಾರಂಭಗಳಿಗೆ ಅಡುಗೆ ಮಾಡುತ್ತೇವೆ. ಊರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ರಬ್ಬಿ (ಯಹೂದಿ ಧರ್ಮಗುರು) ಬಂದು ಮಂತ್ರ ಹೇಳಿದ್ರೆ ಊಟ ಕೋಶರ್ ಆಗತ್ತಂತೆ, ಹೌದಾ?"

ಇಲ್ಲ. ಮಂತ್ರದಿಂದ ಯಾವ ಊಟವೂ ಕೋಶರ್ ಆಗುವುದಿಲ್ಲ. ಕೆಲಸದಿಂದ ಆಗುತ್ತದೆ. ಮಾಂಸಕ್ಕೆ ಬೇರೆ ಪಾತ್ರೆ, ಹಾಲಿಗೆ ಬೇರೆ ಪಾತ್ರೆ. ಚಾಕು, ಸೌಟು ಕೂಡ ಬೇರೆ. ಮೊಟ್ಟೆಗಳನ್ನು ಒಂದೊಂದಾಗಿ ಲೋಟಕ್ಕೆ ಒಡೆದು ರಕ್ತದ ಚುಕ್ಕೆ ಇದೆಯಾ ನೋಡಬೇಕು. ಸೊಪ್ಪನ್ನು ತೊಳೆದು ಬೆಳಕಿಗೆ ಹಿಡಿಯಬೇಕು, ಒಂದು ಸಣ್ಣ ಹುಳವೂ ಹೊಟ್ಟೆಗೆ ಹೋಗುವಂತಿಲ್ಲ. ಮಾಂಸವನ್ನು ಅರ್ಧ ಗಂಟೆ ನೆನೆಸಿ, 1 ಗಂಟೆ ಉಪ್ಪು ಹಚ್ಚಿಟ್ಟು ರಕ್ತ ಇಳಿಸುತ್ತಾರೆ. ಲಿವರ್‌ಗೆ ಉಪ್ಪು ಸಾಲದು, ಬೆಂಕಿಯಲ್ಲೇ ಸುಡಬೇಕು. ಇದೆಲ್ಲ ಮುಗಿದ ಮೇಲೆ ರುಚಿಯ ಮಾತು.

ಮೈಸೂರಿನ ಒಂದು ಮದುವೆಮನೆಯಲ್ಲಿ ಇಷ್ಟನ್ನೂ ವಿವರಿಸಿದೆ. ದೊಡ್ಡಪ್ಪ ಎಲೆಯ ಮುಂದೆ ಕೂತೇ ಹೇಳಿದರು: "ಓ, ನಮ್ಮ ಮಡಿ ಥರ ಅನ್ನು. ಮತ್ತೆ ನಿನ್ನನ್ನ ಒಳಗೆ ಹೆಂಗೆ ಬಿಟ್ಕೊಂಡ್ರು?" ಪಂಕ್ತಿಯವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಆವತ್ತು ನುಂಗಿಕೊಂಡೆ. ಇವತ್ತು ಹೇಳುತ್ತೇನೆ, ದೊಡ್ಡಪ್ಪ.

ಮಡಿಯಲ್ಲಿ ಮುಟ್ಟಿದವರು ಯಾರು ಅನ್ನುವುದು ದೊಡ್ಡ ವಿಷಯ. ಇಲ್ಲಿ ನಾನು ಹೆಚ್ಚುತ್ತೇನೆ, ಕಲಸುತ್ತೇನೆ, ಒಗ್ಗರಣೆ ಹಾಕುತ್ತೇನೆ. ಒಲೆ ಮಾತ್ರ ಯಹೂದಿ ಹಚ್ಚಬೇಕು. ಅದಕ್ಕೆ ಮಶ್ಗಿಯಾಕ್ ಇರುತ್ತಾರೆ, ಅಂದರೆ ಅಡುಗೆಮನೆಯ ಮೇಲ್ವಿಚಾರಕರು. ಬೆಳಗ್ಗೆ ಅವರು ಬೆಂಕಿ ಹಚ್ಚದೆ ನನ್ನ ಕೆಲಸ ಶುರುವಾಗುವುದಿಲ್ಲ. ಅಶ್ಕೆನಾಜಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯಹೂದಿ ಪದ್ಧತಿಯವರಿಗೆ ಅಷ್ಟು ಸಾಕು. ಸೆಫಾರ್ಡಿ, ಅಂದರೆ ಸ್ಪೇನ್ ಮೂಲದ ಯಹೂದಿ ಮನೆತನದ ಸಮಾರಂಭ ಆದರೆ ಪಾತ್ರೆಯನ್ನೂ ಮಶ್ಗಿಯಾಕರೇ ಒಲೆಯ ಮೇಲೆ ಇಡುತ್ತಾರೆ. ಅಷ್ಟು ಬಿಟ್ಟರೆ, ನಾನು ಹೊರಗಿನವನು ಅಂತ ಅಲ್ಲಿ ಯಾರೂ ನನ್ನ ಕೈಯನ್ನು ದೂರ ಇಟ್ಟಿಲ್ಲ. ನನ್ನ ಕೈರುಚಿಗೇ ಸಂಬಳ ಕೊಡುತ್ತಾರೆ.

ಯಾರಾದರೂ ಇದನ್ನು ಕೇಳಬಾರದಾ: ಮಾಂಸದೂಟ ಆದಮೇಲೆ ಹಾಲು, ತುಪ್ಪ ಮುಟ್ಟದೆ ಸಿಹಿ ಏನು ಬಡಿಸ್ತೀಯ?

ಎಷ್ಟೋ ಮಂದಿ ಮಾಂಸ ತಿಂದು 6 ಗಂಟೆ ಹಾಲು ಮುಟ್ಟುವುದಿಲ್ಲ. ಹಾಗಾಗಿ ಸಿಹಿ ಪಾರೆವ್ ಆಗಿರಬೇಕು, ಹಾಲೂ ಅಲ್ಲದ ಮಾಂಸವೂ ಅಲ್ಲದ ತಿನಿಸು. ಬೇರೆ ಶೆಫ್‌ಗಳು ಬೆಣ್ಣೆಯ ಬದಲು ಮಾರ್ಗರಿನ್ ಹಾಕಿ ಒದ್ದಾಡುತ್ತಾರೆ. ನಮ್ಮಮ್ಮನ ಹೆಸರುಬೇಳೆ ಪಾಯಸಕ್ಕೆ ಆ ಕಷ್ಟವೇ ಇಲ್ಲ. ಬೆಲ್ಲ, ತೆಂಗಿನ ಹಾಲು, ಏಲಕ್ಕಿ. ಗೋಡಂಬಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಹುರಿದರೆ ಆಯಿತು. ಪಕ್ಕದಲ್ಲಿ ತೆಂಗಿನ ಚೂರುಗಳನ್ನೂ ಇಡುತ್ತೇನೆ, ಯಾರೂ ಪಾಯಸದಲ್ಲಿರುವುದು ಹಸುವಿನ ಹಾಲು ಅಂದುಕೊಳ್ಳಬಾರದಲ್ಲ. ಮಾಂಸದ ಜೊತೆ ಬಾದಾಮಿ ಹಾಲು ಬಡಿಸಿದರೆ ಬಾದಾಮಿಯನ್ನೂ ಕಾಣುವಂತೆ ಇಡಿ ಅಂತ ಪೋಲೆಂಡಿನ ಕ್ರಾಕೋವಿನ ರಬ್ಬಿ ಮೋಶೆ ಇಸ್ಸರ್ಲೆಸ್ 16ನೇ ಶತಮಾನದಲ್ಲೇ ಬರೆದಿದ್ದಾರೆ.

ತೆಂಗಿನ ಹಾಲಿನ ಪುಡಿ ಮಾತ್ರ ನಾನು ತರುವುದಿಲ್ಲ. ಎಷ್ಟೋ ಪೊಟ್ಟಣಗಳಲ್ಲಿ ಹಾಲಿನ ಪ್ರೋಟೀನ್ ಸೇರಿಸಿರುತ್ತಾರೆ. ಅದನ್ನು ಹಾಕಿದರೆ ಪಾಯಸ ಪಾರೆವ್ ಆಗಿ ಉಳಿಯುವುದಿಲ್ಲ. ಕಾಯಿ ತುರಿದು ನಾನೇ ಹಿಂಡುತ್ತೇನೆ.