ಒಂದು ವರ್ಷದ ಒಪ್ಪಂದ ಅಗ್ಗವಲ್ಲ: ಬಾಲ್ಟಿಮೋರ್ ಓರಿಯೋಲ್ಸ್‌ನ 2024–25ರ ಚಳಿಗಾಲದ ಲೆಕ್ಕ

ಅಮೆರಿಕದ ಬೇಸ್‌ಬಾಲ್‌ನ ಮೇಜರ್ ಲೀಗ್ ತಂಡವೊಂದು ಚಳಿಗಾಲದಲ್ಲಿ ವಯಸ್ಸಾದ ಪಿಚರ್ (ಚೆಂಡೆಸೆಯುವವ) ಒಬ್ಬನನ್ನು ಒಂದೇ ವರ್ಷಕ್ಕೆ ತಂದರೆ, "ಕೈಕೊಟ್ಟರೆ ಒಂದು ವರ್ಷದ ದುಡ್ಡು ಹೋಗುತ್ತದೆ, ಅಷ್ಟೇ ತಾನೆ" ಎಂದು ಸಮಾಧಾನ ಹೇಳುವವರು ಬಹಳ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಕಡಿಮೆ ಸಂಬಳದ ಒಳ್ಳೆಯ ಹುಡುಗರು ತುಂಬಿರುವ ತಂಡದಲ್ಲಿ ಆ ಒಪ್ಪಂದ ಕೆಟ್ಟರೆ, ದುಡ್ಡಿನ ಜೊತೆಗೆ ಆ ಹುಡುಗರ ಒಂದು ವರ್ಷವೂ ಹೋಗುತ್ತದೆ. ದುಡ್ಡನ್ನು ಮುಂದಿನ ಚಳಿಗಾಲದಲ್ಲಿ ಮತ್ತೆ ಸುರಿಯಬಹುದು, ಆ ವರ್ಷವನ್ನು ಯಾರೂ ಮಾರುವುದಿಲ್ಲ. ಓರಿಯೋಲ್ಸ್‌ನ 2024–25ರ ಚಳಿಗಾಲವನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

2023ರಲ್ಲಿ ಈ ತಂಡ 101 ಪಂದ್ಯ ಗೆದ್ದಿತ್ತು, 2024ರಲ್ಲಿ 91. ಎರಡೂ ವರ್ಷ ಪ್ಲೇಆಫ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲದೆ ಹೊರಬಿತ್ತು. 2024ರ ಋತು ಮುಗಿದ ಮೇಲೆ ಇಬ್ಬರು ದೊಡ್ಡ ಆಟಗಾರರು ಫ್ರೀ ಏಜೆಂಟ್ ಆದರು, ಅಂದರೆ ಯಾವ ತಂಡಕ್ಕೆ ಬೇಕಾದರೂ ಹೋಗಬಹುದಾಗಿತ್ತು. 194 ಇನಿಂಗ್ಸ್‌ಗೂ ಮೀರಿ ಎಸೆದು 2.92 ಇಆರ್‌ಎ (9 ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ, ಕಡಿಮೆಯಿದ್ದಷ್ಟೂ ಒಳ್ಳೆಯದು) ಕಾಯ್ದುಕೊಂಡ ಕಾರ್ಬಿನ್ ಬರ್ನ್ಸ್ ಒಬ್ಬ, 44 ಹೋಮ್ ರನ್ (ಗೋಡೆ ದಾಟುವ ಹೊಡೆತ) ಹೊಡೆದ ಆಂಥನಿ ಸ್ಯಾಂಟಾಂಡೇರ್ ಇನ್ನೊಬ್ಬ. ಬರ್ನ್ಸ್ 6 ವರ್ಷಕ್ಕೆ 21 ಕೋಟಿ ಡಾಲರ್ ಪಡೆದು ಅರಿಜೋನಾಕ್ಕೆ ಹೋದ, ಸ್ಯಾಂಟಾಂಡೇರ್ 5 ವರ್ಷಕ್ಕೆ 9.25 ಕೋಟಿಗೆ ಟೊರಾಂಟೊ ಸೇರಿದ. ಓರಿಯೋಲ್ಸ್ ತಂದವರಲ್ಲಿ ಮುಖ್ಯರು ಮೂವರು: ಔಟ್‌ಫೀಲ್ಡರ್ ಟೈಲರ್ ಓನೀಲ್ (3 ವರ್ಷ, 4.95 ಕೋಟಿ), ಪಿಚರ್ ಚಾರ್ಲಿ ಮಾರ್ಟನ್ (1 ವರ್ಷ, 1.5 ಕೋಟಿ), ಜಪಾನಿನ ಯೊಮಿಯುರಿ ಜೈಂಟ್ಸ್‌ನಿಂದ ಟೊಮೊಯುಕಿ ಸುಗಾನೊ (1 ವರ್ಷ, 1.3 ಕೋಟಿ). ಮಾರ್ಚ್ ಕೊನೆಯಲ್ಲಿ, ಬೇರೆ ಪಿಚರ್‌ಗಳು ಗಾಯಗೊಂಡಾಗ, ಕೈಲ್ ಗಿಬ್ಸನ್ 52.5 ಲಕ್ಷಕ್ಕೆ ಬಂದ.

ಲೆಕ್ಕ ಶುರುವಾಗಬೇಕಾದ್ದು ಹೋದವರಿಂದ. ಇದಕ್ಕೆ ಎಲ್ಲರೂ ಬಳಸುವ ಅಳತೆ ವಾರ್. ಯಾವಾಗ ಬೇಕಾದರೂ ಕೆಳದರ್ಜೆಯ ಮೈನರ್ ಲೀಗ್‌ನಿಂದ ಎತ್ತಿಕೊಳ್ಳಬಹುದಾದ ಬದಲಿ ಆಟಗಾರನಿಗಿಂತ ಈತ ವರ್ಷಕ್ಕೆ ಎಷ್ಟು ಗೆಲುವು ಹೆಚ್ಚು ತರುತ್ತಾನೆ ಎನ್ನುವುದೇ ಅದು. ಬರ್ನ್ಸ್, ಸ್ಯಾಂಟಾಂಡೇರ್ ಇಬ್ಬರೂ ಸೇರಿ 2024ರಲ್ಲಿ ಸುಮಾರು 6ರಿಂದ 7 ಗೆಲುವಿನಷ್ಟು ಕೊಟ್ಟಿದ್ದರು. ಮಾರುಕಟ್ಟೆಯಲ್ಲಿ ಒಂದು ಗೆಲುವಿಗೆ ಸಾಮಾನ್ಯವಾಗಿ 80ರಿಂದ 90 ಲಕ್ಷ ಡಾಲರ್ ಎಂದು ಹಿಡಿಯುತ್ತಾರೆ. ಅಂದರೆ ಆ ಕೊರತೆ ತುಂಬಲು ಸುಮಾರು 5ರಿಂದ 6 ಕೋಟಿ ಬೇಕು. ಐಪಿಎಲ್‌ನಂತೆ ಎಲ್ಲ ತಂಡಕ್ಕೂ ಒಂದೇ ಮೊತ್ತದ ಮಿತಿ ಇಲ್ಲಿಲ್ಲ, ಎಷ್ಟು ಖರ್ಚು ಮಾಡುವುದೆನ್ನುವುದು ಮಾಲೀಕರ ತೀರ್ಮಾನ.

ಮುಂದಿನದು ಬಂದವರ ಅಂದಾಜು, ಮತ್ತು ಹೆಚ್ಚಿನವರು ಎಡವುವುದು ಇಲ್ಲೇ. ಓನೀಲ್ 2024ರಲ್ಲಿ ಬಾಸ್ಟನ್ ಪರ 31 ಹೋಮ್ ರನ್ ಹೊಡೆದಿದ್ದ. ಎಡಗೈ ಪಿಚರ್‌ಗಳ ಎದುರು ಅವನ ಒಪಿಎಸ್ (ಬೇಸ್ ಮುಟ್ಟುವ ದರ, ಹೊಡೆತದ ಬಲ ಎರಡನ್ನೂ ಕೂಡಿಸಿದ ಅಳತೆ) 1.180. ಅದೇ ಚಳಿಗಾಲದಲ್ಲಿ ಓರಿಯೋಲ್ಸ್ ತನ್ನ ತವರು ಮೈದಾನ ಕ್ಯಾಮ್ಡನ್ ಯಾರ್ಡ್ಸ್‌ನ ಎಡಬದಿಯ ಗೋಡೆಯನ್ನು ಒಳಕ್ಕೆ ತಂದಿತ್ತು, ಬಲಗೈ ಬ್ಯಾಟರ್‌ಗೆ ಅದು ಅನುಕೂಲ. ಇಷ್ಟು ನೋಡಿದರೆ ಖರೀದಿ ಸರಿಯೆನಿಸುತ್ತದೆ. ಆದರೆ ಅಂದಾಜಿನಲ್ಲಿ ಎರಡು ಪ್ರಶ್ನೆ ಬೇರೆಬೇರೆ ಕೇಳಬೇಕು: ಆಡಿದಾಗ ಎಷ್ಟು ಚೆನ್ನಾಗಿ ಆಡುತ್ತಾನೆ, ಎಷ್ಟು ದಿನ ಆಡುತ್ತಾನೆ. ಎರಡನೆಯದಕ್ಕೆ ಸುಲಭದ ವಿಧಾನವೊಂದಿದೆ. ಕಳೆದ ವರ್ಷಕ್ಕೆ 5, ಅದರ ಹಿಂದಿನದಕ್ಕೆ 4, ಅದಕ್ಕೂ ಹಿಂದಿನದಕ್ಕೆ 3 ಎಂದು ತೂಕ ಕೊಟ್ಟು ಸರಾಸರಿ ತೆಗೆಯುವುದು. ಓನೀಲ್ ಆಡಿದ ಪಂದ್ಯಗಳು 2024ರಲ್ಲಿ 113, 2023ರಲ್ಲಿ 72, 2022ರಲ್ಲಿ 96. 565, 288, 288 ಕೂಡಿಸಿ 12ರಿಂದ ಭಾಗಿಸಿದರೆ 95. 162 ಪಂದ್ಯದ ಋತುವಿನಲ್ಲಿ 95 ಪಂದ್ಯದ ಆಟಗಾರ. ಉಳಿದ 67 ಪಂದ್ಯಕ್ಕೆ ಯಾರು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದೆ ಈ ಒಪ್ಪಂದಕ್ಕೆ ಸಹಿ ಹಾಕಬಾರದು. 2025ರಲ್ಲಿ ಅವನು ಆಡಿದ್ದು 54 ಪಂದ್ಯ, ಬ್ಯಾಟಿಂಗ್ ಸರಾಸರಿ (ಬ್ಯಾಟಿಂಗ್ ಸರದಿಗಳಲ್ಲಿ ಹಿಟ್‌ಗಳ ಪಾಲು) .199.

ಒಪ್ಪಂದದ ಮೊತ್ತದಷ್ಟೇ ಅದರ ಆಕಾರವನ್ನೂ ನೋಡಬೇಕು. ಮೊದಲ ವರ್ಷ ಮುಗಿದ ಮೇಲೆ ಹೊರಹೋಗುವ ಹಕ್ಕು, ಅಂದರೆ ಆಪ್ಟ್ ಔಟ್, ಓನೀಲ್ ಕೈಯಲ್ಲಿತ್ತು. ಚೆನ್ನಾಗಿ ಆಡಿದ್ದರೆ ಹೊರಗೆ ಹೋಗಿ ಇನ್ನೂ ದೊಡ್ಡ ಮೊತ್ತ ಕೇಳುತ್ತಿದ್ದ. ಚೆನ್ನಾಗಿ ಆಡಲಿಲ್ಲ, ಹಾಗಾಗಿ ಉಳಿದ 2 ವರ್ಷದ 3.3 ಕೋಟಿಗೆ ಅಲ್ಲೇ ಉಳಿದ. ಹೀಗಾಗಿ 3 ವರ್ಷದ ಒಪ್ಪಂದವೆಂದು ಬರೆದದ್ದನ್ನು ನಾನು ಎರಡಾಗಿ ಓದುತ್ತೇನೆ: ಫಲ ಕೊಟ್ಟರೆ ಒಂದೇ ವರ್ಷ, ಕೊಡದಿದ್ದರೆ ಮೂರು ವರ್ಷ. ಆಪ್ಟ್ ಔಟ್ ಇರುವ ಕಡೆ ಲಾಭದ ಕೊನೆಯನ್ನು ಕತ್ತರಿಸಿ, ನಷ್ಟದ ಕೊನೆಯನ್ನು ಪೂರ್ತಿ ಬಿಟ್ಟು ಲೆಕ್ಕ ಹಾಕಿ.

ಪಿಚರ್‌ಗಳ ವಿಷಯ ಇನ್ನೂ ಗಂಭೀರ. ಮೂವತ್ತು ದಾಟಿದವರು ವರ್ಷಕ್ಕೆ ಸುಮಾರು ಅರ್ಧ ಗೆಲುವು ಕಳೆದುಕೊಳ್ಳುತ್ತಾರೆ ಎನ್ನುವುದು ಸಾಮಾನ್ಯ ಸೂತ್ರ, ಆದರೆ ನಲವತ್ತು ದಾಟಿದ ಮೇಲೆ ಇಳಿಕೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆಂಬ ಭರವಸೆಯಿಲ್ಲ. 2025ರಲ್ಲಿ ಮಾರ್ಟನ್‌ಗೆ 41, ಗಿಬ್ಸನ್‌ಗೆ 37, ಸುಗಾನೊಗೆ 35. ಮಾರ್ಟನ್ ಆರಂಭದ ವಾರಗಳಲ್ಲಿ ಎಷ್ಟು ಪೆಟ್ಟು ತಿಂದನೆಂದರೆ ಅವನನ್ನು ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬರುವ ಬದಲಿ ಪಿಚರ್‌ಗಳ ಸಾಲಿಗೆ, ಕಳಿಸಬೇಕಾಯಿತು. ಆಮೇಲೆ ಸುಧಾರಿಸಿದ, ಜುಲೈ ಕೊನೆಗೆ ಡೆಟ್ರಾಯಿಟ್‌ಗೆ ಹೋದ. ಅಷ್ಟರಲ್ಲಿ ತಂಡ ಸ್ಪರ್ಧೆಯಿಂದ ಹೊರಬಿದ್ದಿತ್ತು. ಗಿಬ್ಸನ್ 4 ಪಂದ್ಯಕ್ಕೇ ಮುಗಿದ. ಸುಗಾನೊ ವಿಷಯದಲ್ಲಿ ಅಂಕಿಗಳನ್ನು ಓದುವ ಕ್ರಮವೇ ಪಾಠ. 2024ರಲ್ಲಿ ಜಪಾನಿನಲ್ಲಿ ಅವನದು 15–3 (15 ಗೆಲುವು, 3 ಸೋಲು), 1.67 ಇಆರ್‌ಎ. ಇಆರ್‌ಎ ಬಿಟ್ಟು ಸ್ಟ್ರೈಕ್‌ಔಟ್ (ಫೀಲ್ಡರ್ ನೆರವಿಲ್ಲದೆ ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡಿದ್ದು) ನೋಡಿ: 156⅔ ಇನಿಂಗ್ಸ್‌ನಲ್ಲಿ 111, ಅಂದರೆ 9 ಇನಿಂಗ್ಸ್‌ಗೆ 6.4. ವಾಕ್ (ಗುರಿ ತಪ್ಪಿದ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಕೇವಲ 16. ಗುರಿ ತಪ್ಪದ ಕೈ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಆದರೆ ಚೆಂಡು ಬ್ಯಾಟಿಗೆ ತಗಲುತ್ತಲೇ ಇದ್ದರೆ, ಹೆಚ್ಚು ಬಲವಾಗಿ ಹೊಡೆಯುವ ಮೇಜರ್ ಲೀಗ್ ಬ್ಯಾಟರ್‌ಗಳ ಎದುರು ಅದು ಗೋಡೆ ದಾಟುತ್ತದೆ. ಹಾಗೆಯೇ ಆಯಿತು: ವಾಕ್ ಕಡಿಮೆಯೇ ಇತ್ತು, ಹೋಮ್ ರನ್ 30 ದಾಟಿತು, ಇಆರ್‌ಎ 4.64. 1.3 ಕೋಟಿಗೆ 157 ಇನಿಂಗ್ಸ್ ಸಿಕ್ಕಿದ್ದು ಅನ್ಯಾಯವೇನಲ್ಲ. ನಾಲ್ಕನೆಯ ಪಿಚರ್ ಆಗಿ ತಂದಿದ್ದರೆ ನಾನು ಮೆಚ್ಚುತ್ತಿದ್ದೆ. ಬರ್ನ್ಸ್ ಬಿಟ್ಟುಹೋದ ಜಾಗದಲ್ಲಿ ನಿಲ್ಲಿಸಿದ್ದೇ ತಪ್ಪು.

ಮಾರ್ಟನ್, ಸುಗಾನೊ, ಗಿಬ್ಸನ್ ಮೂವರಿಗೂ ಸೇರಿ 3.3 ಕೋಟಿ. ಬರ್ನ್ಸ್‌ಗೆ ಅರಿಜೋನಾ ಕೊಟ್ಟ ವಾರ್ಷಿಕ ಸರಾಸರಿ 3.5 ಕೋಟಿ.

ಈಗ ಹುಡುಗರ ಲೆಕ್ಕ. ಮೇಜರ್ ಲೀಗ್‌ಗೆ ಬಂದ ಆಟಗಾರ 6 ಸೇವಾ ವರ್ಷ ತಂಡದ ಹಿಡಿತದಲ್ಲಿರುತ್ತಾನೆ. 172 ದಿನ ತಂಡದಲ್ಲಿದ್ದರೆ ಒಂದು ಸೇವಾ ವರ್ಷ. ಮೊದಲ 3 ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು (2025ರಲ್ಲಿ 7.6 ಲಕ್ಷ ಡಾಲರ್), ನಂತರದ 3 ವರ್ಷ ಆರ್ಬಿಟ್ರೇಷನ್ (ಒಮ್ಮತವಾಗದಿದ್ದರೆ ಮಧ್ಯಸ್ಥರು ಸಂಬಳ ತೀರ್ಮಾನಿಸುವ ಕ್ರಮ) ಮೂಲಕ ಏರುತ್ತಾ ಹೋಗುತ್ತದೆ. ವರ್ಷಕ್ಕೆ 2 ಗೆಲುವು ತರುವ ಒಬ್ಬ ಸಾಧಾರಣ ಇನ್‌ಫೀಲ್ಡರ್ ಇದ್ದಾನೆಂದು ಊಹಿಸಿಕೊಳ್ಳಿ. ಗೆಲುವಿಗೆ 85 ಲಕ್ಷದಂತೆ ವರ್ಷಕ್ಕೆ 1.7 ಕೋಟಿಯ ಆಟ, 6 ವರ್ಷಕ್ಕೆ 10.2 ಕೋಟಿ. ಅವನಿಗೆ ಕೊಡುವುದು ಮೊದಲ 3 ವರ್ಷಕ್ಕೆ ಸುಮಾರು 24 ಲಕ್ಷ, ಮುಂದಿನ ವರ್ಷಗಳಿಗೆ ಮಾರುಕಟ್ಟೆ ಬೆಲೆಯ 25, 40, 60 ಪ್ರತಿಶತ ಎಂದು ಹಿಡಿದರೆ 2.1 ಕೋಟಿ. ತಂಡಕ್ಕೆ ಉಳಿಯುವುದು 7.8 ಕೋಟಿ. ಆದರೆ ಮೈನರ್ ಲೀಗ್‌ನಲ್ಲಿರುವ ಹುಡುಗ ಆ ಮಟ್ಟ ಮುಟ್ಟುವ ಸಾಧ್ಯತೆ ಮೂರರಲ್ಲಿ ಒಂದು ಎಂದಾದರೆ, ಇವತ್ತಿನ ಬೆಲೆ 2.6 ಕೋಟಿ. ಬರಲು ಇನ್ನೂ 2 ವರ್ಷ ಇದೆಯೆಂದರೆ ಅದರಲ್ಲೂ ಸ್ವಲ್ಪ ಕಡಿತ. ಅದೇ ದರ್ಜೆಯ ಪಿಚರ್ ಆದರೆ ಮೊಣಕೈ, ಭುಜದ ಅಪಾಯಕ್ಕಾಗಿ ಇನ್ನಷ್ಟು ಕಡಿತ.

ಈ ಮೊತ್ತಗಳನ್ನು ಸುಮ್ಮನೆ ಕೂಡಿಸಿ ತಂಡದ ಆಸ್ತಿ ಎನ್ನುವವರಿದ್ದಾರೆ. ಅದು ಕೆಡುವುದು ಎರಡು ಕಾರಣಕ್ಕೆ. ಒಂದು, ಜಾಗ. ಓರಿಯೋಲ್ಸ್ 2019ರಿಂದ 2024ರವರೆಗೆ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ, ತನ್ನ ಮೊದಲ ಆಯ್ಕೆಗಳನ್ನೆಲ್ಲ ಬ್ಯಾಟರ್‌ಗಳಿಗೇ ಕೊಟ್ಟಿತು: ರಚ್‌ಮನ್, ಕರ್ಸ್ಟಾಡ್, ಕೌಸರ್, ಹಾಲಿಡೇ, ಬ್ರ್ಯಾಡ್‌ಫೀಲ್ಡ್, ಹನಿಕಟ್. ಗನ್ನರ್ ಹೆಂಡರ್ಸನ್ ಶಾರ್ಟ್‌ಸ್ಟಾಪ್‌ನಲ್ಲಿ (ಇನ್‌ಫೀಲ್ಡ್‌ನ ಮುಖ್ಯ ಜಾಗ) ನಿಂತಿರುವಾಗ ಮೂರನೆಯ, ನಾಲ್ಕನೆಯ ಇನ್‌ಫೀಲ್ಡರ್ ಬೇರೆ ತಂಡಕ್ಕೆ ಬಾಳುವಷ್ಟು ಈ ತಂಡಕ್ಕೆ ಬಾಳುವುದಿಲ್ಲ. ಅಂಥವನನ್ನು ಕೊಟ್ಟು ಪಿಚರ್ ತರುವುದೇ ಆ ಆಯ್ಕೆಕ್ರಮದ ಇನ್ನೊಂದು ಅರ್ಧ, ಅದನ್ನು ಮಾಡದಿದ್ದರೆ ಮೊದಲರ್ಧಕ್ಕೆ ಅರ್ಥವಿಲ್ಲ. ಎರಡು, ಕಾಲ. 2024ರಲ್ಲಿ ಕೋಬಿ ಮೇಯೊ ತನ್ನ ಮೊದಲ 17 ಪಂದ್ಯಗಳಲ್ಲಿ .098 ಹೊಡೆದ, ಹಾಲಿಡೇ ಮೊದಲ 10 ಪಂದ್ಯಗಳಲ್ಲಿ 34 ಸರದಿಗೆ 2 ಹಿಟ್. ಇಷ್ಟು ಚಿಕ್ಕ ಮಾದರಿಯಿಂದ ದರ್ಜೆ ಇಳಿಸಬಾರದು. ಆದರೆ 2020ರ ಎರಡನೆಯ ಆಯ್ಕೆಯಾದ ಕರ್ಸ್ಟಾಡ್ 2025ರಲ್ಲೂ .192ಕ್ಕೆ ನಿಂತಾಗ, ಅವನಿಗೆ ಬೇರೆ ತಂಡಗಳು ಕೊಡುತ್ತಿದ್ದ ಬೆಲೆ ಕರಗಿತ್ತು. ಕಪಾಟಿನಲ್ಲಿಟ್ಟ ಪ್ರಾಸ್ಪೆಕ್ಟ್ (ಮುಂದೆ ಬೆಳೆಯುವನೆಂದು ನಂಬಿದ ಹುಡುಗ) ಹಾಗೆಯೇ ಉಳಿಯುವುದಿಲ್ಲ. ಮೈನರ್ ಲೀಗ್‌ಗೆ ಕಳಿಸಬಹುದಾದ 3 ಆಪ್ಷನ್ ವರ್ಷ ಮುಗಿಯುತ್ತವೆ, ತಂಡದ 40 ಆಟಗಾರರ ಪಟ್ಟಿಯಲ್ಲಿ ಜಾಗ ತುಂಬುತ್ತದೆ.

2024ರ ಡಿಸೆಂಬರ್‌ನಲ್ಲಿ ಬಾಸ್ಟನ್ ಏನು ಮಾಡಿತು ನೋಡಿ. ಕೈಲ್ ಟೀಲ್, ಬ್ರೇಡನ್ ಮಾಂಟ್‌ಗೊಮೆರಿ ಸೇರಿ ನಾಲ್ವರು ಪ್ರಾಸ್ಪೆಕ್ಟ್‌ಗಳನ್ನು ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು ಎಡಗೈ ಪಿಚರ್ ಗ್ಯಾರೆಟ್ ಕ್ರೋಷೆಯನ್ನು ತಂದಿತು. 2 ವರ್ಷದ ಹಿಡಿತ ಬಾಕಿ ಇತ್ತು, 2025ರ ಸಂಬಳ ಬರೀ 38 ಲಕ್ಷ. ಕೊಟ್ಟದ್ದು ಭಾರಿ ಬೆಲೆ, ಟೀಲ್ ಒಳ್ಳೆಯ ಕ್ಯಾಚರ್. ಆದರೆ ಕ್ರೋಷೆ 18–5, 2.59 ಇಆರ್‌ಎ, 255 ಸ್ಟ್ರೈಕ್‌ಔಟ್ ಕೊಟ್ಟ. ಅಂಥ ಬೆಲೆ ತೆರುವ ಶಕ್ತಿ ಓರಿಯೋಲ್ಸ್‌ಗೂ ಇತ್ತು. ಹೆಂಡರ್ಸನ್‌ಗೆ 2025ರಲ್ಲಿ ಹತ್ತು ಲಕ್ಷ ಡಾಲರೂ ಸಂಬಳವಿರಲಿಲ್ಲ, 2027ಕ್ಕೆ ಮುಗಿಯುವ ರಚ್‌ಮನ್‌ನ 6 ವರ್ಷಗಳಲ್ಲಿ ಅದು ನಾಲ್ಕನೆಯದು. ಓರಿಯೋಲ್ಸ್ ಆ ವರ್ಷ 75 ಗೆಲುವು, 87 ಸೋಲಿಗೆ ಕುಸಿದು ವಿಭಾಗದ ಕೊನೆಯಲ್ಲಿ ನಿಂತಿತು, ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಮೇ ತಿಂಗಳಲ್ಲೇ ಕೆಲಸ ಕಳೆದುಕೊಂಡ. ಒಂದು ವರ್ಷದ ಒಪ್ಪಂದಗಳ ನಿಜವಾದ ಖರ್ಚನ್ನು ಇಲ್ಲಿ ಬರೆಯಬೇಕು.

ಹಾಗೆಂದು ಫಲಿತಾಂಶ ನೋಡಿ ತೀರ್ಪು ಕೊಡುವುದೂ ಸರಿಯಲ್ಲ. ಬರ್ನ್ಸ್‌ಗೆ 2025ರ ಜೂನ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. ಅದರಿಂದ ಅವನನ್ನು ಬಿಟ್ಟದ್ದು ಜಾಣತನ ಎಂದಾಗುವುದಿಲ್ಲ, ಸಹಿ ಹಾಕುವ ದಿನ ಅದು ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಒಳ್ಳೆಯ ಉದಾಹರಣೆ ಪಿಚರ್ ಟ್ರೆವರ್ ರಾಜರ್ಸ್. 2024ರ ಜುಲೈನಲ್ಲಿ ಕೈಲ್ ಸ್ಟವರ್ಸ್, ಕಾನರ್ ನಾರ್ಬಿ ಇಬ್ಬರನ್ನು ಮಯಾಮಿಗೆ ಕೊಟ್ಟು ಅವನನ್ನು ತಂದರು. ಆ ವರ್ಷ 4 ಪಂದ್ಯದಲ್ಲಿ 7.11 ಇಆರ್‌ಎ, ಮೈನರ್ ಲೀಗ್‌ಗೆ ವಾಪಸು. ಎಲ್ಲರೂ ಇದನ್ನು ಸೋಲೆಂದು ಬರೆದಿಟ್ಟರು. 2025ರಲ್ಲಿ ಅದೇ ರಾಜರ್ಸ್ 18 ಪಂದ್ಯಕ್ಕೆ 1.81 ಇಆರ್‌ಎ ಕೊಟ್ಟ, ಸ್ಟವರ್ಸ್ 25 ಹೋಮ್ ರನ್ ಹೊಡೆದು ಆಲ್ ಸ್ಟಾರ್ ಆದ. ಹಿಡಿತದ ವರ್ಷಗಳು ಬಾಕಿ ಇರುವ ಆಟಗಾರನ ಮೇಲೆ ಮೊದಲ ಎರಡು ತಿಂಗಳಲ್ಲಿ ತೀರ್ಪು ಬರೆಯಬೇಡಿ. ಒಂದೇ ವರ್ಷಕ್ಕೆ ಬಂದವನಿಗೆ ಆ ಸಮಯವೇ ಇರುವುದಿಲ್ಲ, ಮಾರ್ಟನ್ ಸುಧಾರಿಸಿದ್ದು ತಂಡಕ್ಕೆ ಉಪಯೋಗವಾಗದೆ ಹೋದದ್ದು ಹಾಗೆ.

ಬರ್ನ್ಸ್, ಸ್ಯಾಂಟಾಂಡೇರ್ ಇಬ್ಬರೂ ಓರಿಯೋಲ್ಸ್ ಮುಂದಿಟ್ಟ ಕ್ವಾಲಿಫೈಯಿಂಗ್ ಆಫರ್ (ಒಂದು ವರ್ಷಕ್ಕೆ 2.105 ಕೋಟಿ) ನಿರಾಕರಿಸಿ ಹೋದದ್ದರಿಂದ ತಂಡಕ್ಕೆ ಪರಿಹಾರವಾಗಿ 2025ರ ಡ್ರಾಫ್ಟ್‌ನಲ್ಲಿ 30 ಮತ್ತು 31ನೆಯ ಆಯ್ಕೆ ಸಿಕ್ಕವು. 30ರಲ್ಲಿ ಬಂದ ಕ್ಯಾಚರ್ ಕೇಡನ್ ಬೋಡೈನ್‌ನನ್ನು ಆ ಡಿಸೆಂಬರ್‌ನಲ್ಲೇ ಇನ್ನೂ ಮೂವರ ಜೊತೆ, ಮೇಲೊಂದು ಡ್ರಾಫ್ಟ್ ಆಯ್ಕೆ ಸೇರಿಸಿ, ಟ್ಯಾಂಪಾ ಬೇಗೆ ಕೊಟ್ಟು ಶೇನ್ ಬ್ಯಾಜ್‌ನನ್ನು ತಂದರು. 2025ರಲ್ಲಿ ಬ್ಯಾಜ್‌ನ ಇಆರ್‌ಎ 4.87, ಹಾಗಾಗಿ ಬೆಲೆ ಹೆಚ್ಚಾಯಿತೆಂದು ಹಲವರಿಗೆ ಅನಿಸಿತು. ನನಗೆ ಈ ವ್ಯಾಪಾರ ಹಿಂದಿನ ಚಳಿಗಾಲದ ಎಲ್ಲ ಒಪ್ಪಂದಗಳಿಗಿಂತ ಸರಿಯೆನಿಸುತ್ತದೆ: 166 ಇನಿಂಗ್ಸ್ ಎಸೆದ ಯುವ ಪಿಚರ್, 2028ರವರೆಗೆ ಹಿಡಿತ, ರಚ್‌ಮನ್ ಮತ್ತು ಹೆಂಡರ್ಸನ್‌ರ ಉಳಿದ ವರ್ಷಗಳಿಗೆ ಹೊಂದುವ ಅವಧಿ. ಆ ಋತುವಿನಲ್ಲಿ ಟ್ಯಾಂಪಾ ತನ್ನ ತವರು ಪಂದ್ಯಗಳನ್ನು ಮೈನರ್ ಲೀಗ್ ಮೈದಾನದಲ್ಲಿ ಆಡಿತ್ತು. ಬ್ಯಾಜ್‌ನ ಅಂಕಿಗಳನ್ನು ತೂಗುವವರು ತವರು, ಹೊರಗು ಎಂದು ಎರಡು ಕಾಲಂ ಮಾಡಿ, ಹೊರಗಿನ ಕಾಲಂನಿಂದ ಶುರು ಮಾಡಲಿ.