ದೋಸ್ತನ ಜೀಪು, ನನ್ನ ಅಂಗೈಯಲ್ಲಿ

ಮೂರು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಇದೇ ಕೆಲಸ. ಇಲ್ಲಿ ಬೀದರಿನಲ್ಲಿ ನನ್ನ ದೋಸ್ತನ ಹತ್ತಿರ 1948ರ ವಿಲ್ಲಿಸ್ ಜೀಪ್ ಇದೆ. ಮೈ ಹಳೇದು, ಒಳಗೆ ಹೊಸ ಡೀಸೆಲ್ ಎಂಜಿನ್, ಪವರ್ ಸ್ಟೀರಿಂಗ್. 1949ಕ್ಕಿಂತ ಮುಂಚಿನ ಕಾರಿಗೆ ಹೀಗೆ ಮಾಡಿದರೆ ಅಮೆರಿಕದಲ್ಲಿ ಸ್ಟ್ರೀಟ್ ರಾಡ್ ಅಂತಾರೆ. ಅದರ ಮಾಡೆಲ್ ಮಾಡುತ್ತಿದ್ದೇನೆ, 20 ಇಂಚಿಗೆ 1 ಇಂಚಿನ ಲೆಕ್ಕ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಅಸಲಿ ಗಾಡಿಯಲ್ಲಿ 80 ಇಂಚು, ನನ್ನದರಲ್ಲಿ 4.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಮುಂದಿನ ಜಾಲರಿ. ಏಳು ಸೀಳು. ಕೂದಲೆಳೆಯಷ್ಟು ಆಚೀಚೆ ಆದರೂ ಜೀಪಿನ ಮುಖಾನೇ ಬದಲಾಗುತ್ತೆ. ಮೂರು ಸಲ ಕತ್ತರಿಸಿ ಬಿಸಾಕಿದೆ. ಟೈರಿಗೆ ಹಳೆ ಹವಾಯಿ ಚಪ್ಪಲಿ. ಹೆಡ್‌ಲೈಟಿನ ಉಂಗುರಕ್ಕೆ ಬಿದ್ರಿ ಕೆಲಸದ ಕಾಕಾ ಒಬ್ಬರು ಬೆಳ್ಳಿ ತಂತಿಯ ಚೂರು ಕೊಟ್ಟರು. ಕಪ್ಪು ಬಣ್ಣದ ಮೇಲೆ ಅದು ಹೊಳೆಯೋದನ್ನು ನೋಡುತ್ತಾ ಸುಮ್ನೆ ಕೂತುಬಿಟ್ಟೆ.

ಬಲಗಡೆ ಮಡ್‌ಗಾರ್ಡಿನಲ್ಲಿ ಒಂದು ತಗ್ಗಿದೆ. ದೋಸ್ತನ ಅಪ್ಪ ಕೋಟೆ ಬಾಗಿಲ ಹತ್ತಿರ ಗುದ್ದಿಸಿದ್ದು. ಹೊಸ ಪೇಂಟ್ ಹೊಡೆಸುವಾಗಲೂ ದೋಸ್ತ ಅದನ್ನು ತೆಗೆಸಲಿಲ್ಲ. ಅಪ್ಪ ಈಗಿಲ್ಲ. ನಿನ್ನೆ ಬಿಸಿ ಚಮಚದ ಹಿಂಬದಿಯಿಂದ ಅದೇ ಜಾಗದಲ್ಲಿ ಸಣ್ಣ ತಗ್ಗು ಒತ್ತಿದೆ. ಅದಿಲ್ಲದೆ ಇದು ಅವನ ಜೀಪ್ ಹೇಗಾಗುತ್ತೆ, ಅಲ್ವಾ?

ಇನ್ನು ನಂಬರ್ ಪ್ಲೇಟ್ ಒಂದೇ ಬಾಕಿ.