ಬೆರೆತ ಮುಖಗಳ ಚೆಲುವು

1878ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅಪರಾಧಿಗಳ ಫೋಟೋಗಳನ್ನು ಒಂದರ ಮೇಲೊಂದು ಮೂಡಿಸಿದ. ಅವನು ಹುಡುಕುತ್ತಿದ್ದದ್ದು ಕೇಡಿಗಳ ಮುಖಲಕ್ಷಣ. ಸಿಕ್ಕಿದ್ದು ಮಾತ್ರ ಬಿಡಿ ಮುಖಗಳಿಗಿಂತ ಚೆಂದದ ಮುಖ! 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜುಡಿತ್ ಲಾಂಗ್ಲೋಯಿಸ್ ಮತ್ತು ಲೋರಿ ರಾಗ್‌ಮನ್ ಕಂಪ್ಯೂಟರಿನಲ್ಲಿ ಮುಖಗಳನ್ನು ಬೆರೆಸಿದರು. 16 ಅಥವಾ 32 ಮುಖ ಸೇರಿದ ಚಿತ್ರವೇ ಜನರಿಗೆ ಜಾಸ್ತಿ ಹಿಡಿಸಿತು.

ಮುಖಗಳ ಫೋಟೋ ತೆಗೆಯುವುದೇ ನನ್ನ ಕೆಲಸ. ಹಾಗಾಗಿ 1977ರ ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಅದರಲ್ಲಿ ಹೆಚ್ಚಿನ ಯುವತಿಯರು ತಮ್ಮ ಮುಖವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿದ ಫೋಟೋವನ್ನೇ ಮೆಚ್ಚಿದರು. ಅವರ ಗೆಳತಿಯರು ಮೆಚ್ಚಿದ್ದು ನೇರ ಫೋಟೋವನ್ನು. ದಿನಾ ನೋಡುವ ಮುಖವೇ ಕಣ್ಣಿಗೆ ಹಿತ, ಅಲ್ವಾ? 'ನನ್ನ ಫೋಟೋ ಚೆನ್ನಾಗಿ ಬರಲ್ಲ' ಎಂದು ಬೇಸರಪಡುವವರಿಗೆ ನಾನೀಗ ಅದೇ ಫೋಟೋವನ್ನು ತಿರುಗಿಸಿ ತೋರಿಸುತ್ತೇನೆ. ಎಷ್ಟೋ ಮಂದಿ ಅದನ್ನೇ ಆರಿಸುತ್ತಾರೆ.